ಆಗಸ್ಟ್ 15ಕ್ಕೆ ಸೋಲ್ತಿದ್ದ ಡ್ರಮ್ಮು

ಮೊನ್ನೆ ತೀರ್ಥಹಳ್ಳಿ ಕಡೆ ಹೋದಾಗ ಓದಿದ ಹೈಸ್ಕೂಲಿಗೂ ಸುಮ್ನೆ ಒಂದು ರೌಂಡ್ ಹೋಗಿದ್ದೆ, ಸ್ಪೋರ್ಟ್ಸ್ ರೂಮಲ್ಲಿ ಹರಿದ ವಾಲಿಬಾಲ್ ನೆಟ್ಟಿನ ಅಡಿ ನಮ್ಮ ಕಾಲದ ಸ್ಕೂಲ್ ಬ್ಯಾಂಡಿನ ಸೈಡ್ ಡ್ರಮ್ಮು ಸಿಕ್ತು ನೋಡಿ! ಹಿತ್ತಾಳೆ ಮೈ ಕಿಲುಬು ಹಿಡಿದಿದೆ, ಸುತ್ತ ಓರೆಕೋರೆ ಬಿಗಿದ ಹಗ್ಗ ಇನ್ನೂ ಇದೆ, ಹಗ್ಗದ ಮೇಲೆ ಕೆಳಗೆ ಜಾರಿಸಿ ಬಿಗಿ ಮಾಡೋ ಚರ್ಮದ ಪಟ್ಟಿ ಮಾತ್ರ ನಾಲ್ಕೇ ಉಳ್ದಿವೆ.

ಅಮೆರಿಕದಲ್ಲಿ 1957ರ ಹೊತ್ತಿಗೇ ಡ್ರಮ್ಮಿಗೆ ಮೈಲಾರ್ ಅನ್ನೋ ಪ್ಲಾಸ್ಟಿಕ್ ಹೊದಿಕೆ ಬಂದಾಗಿತ್ತು. ನಮ್ಮ ಶಾಲೆಗೆ 1988ರಲ್ಲೂ ಬಂದಿರ್ಲಿಲ್ಲ, ನಮ್ದು ಚರ್ಮಾನೇ. ಚರ್ಮಕ್ಕೂ ಮಲೆನಾಡಿನ ಮಳೆಗೂ ಆಗಿಬರಲ್ಲ, ಥಂಡಿ ಕುಡಿದು ಸಡಿಲ ಆಗುತ್ತೆ, ಶ್ರುತಿ ಇಳಿಯುತ್ತೆ. ಅಡಿಯಲ್ಲಿ ಚರ್ಮಕ್ಕೆ ತಾಗಿಕೊಂಡು ಕರುಳಿನ ದಾರ ಕಟ್ಟಿರ್ತಾರಲ್ಲ, ಆ 'ಝರ್ರ್' ಬರೋದೇ ಅದರಿಂದ, ಅದೂ ಜೋತುಬಿದ್ರೆ ಮುಗೀತು, ಹಲಸಿನಹಣ್ಣು ಬಡಿದಂಗೆ ದಬ್ ದಬ್. ಹಂಗಾಗಿ ಜನವರಿ 26ಕ್ಕೆ ನಮ್ಮ ಬ್ಯಾಂಡು ಮಿಲಿಟರಿ ಬ್ಯಾಂಡು, ಆಗಸ್ಟ್ 15ಕ್ಕೆ ಶವಯಾತ್ರೆ. ಊರಿನೋರು ನಾವು ಪ್ರಾಕ್ಟೀಸ್ ಮಾಡಿಲ್ಲ ಅನ್ಕೊಳ್ತಿದ್ರು, ಅದೇ ಹೊಟ್ಟೆಉರಿ.

ಪ್ರಾಕ್ಟೀಸ್ ಎಷ್ಟು ಮಾಡ್ತಿದ್ವಿ ಅಂದ್ರೆ ಬೆಂಚು, ಊಟದ ಡಬ್ಬಿ, ಮುಂದೆ ಕೂತೋನ ಬೆನ್ನು, ಎಲ್ಲದರ ಮೇಲೂ 'ಡ್ಯಾಡಿ ಮಮ್ಮಿ'. ಬಲಗೈಲಿ ಎರಡು ಏಟು ಡ್ಯಾಡಿ, ಎಡಗೈಲಿ ಎರಡು ಮಮ್ಮಿ, ನಿಧಾನ ಶುರು ಮಾಡಿ ವೇಗ ಏರಿಸ್ತಾ ಹೋದ್ರೆ ಏಟುಗಳು ಬೆರೆತು ಮಳೆ ಸುರಿದಂಗೆ ರೋಲು. ನನ್ನ ಮಮ್ಮಿ ಯಾವಾಗ್ಲೂ ವೀಕು.

ತಮಟೆಯವ್ರು ಬಾರಿಸೋಕೆ ಮುಂಚೆ ಬೆಂಕಿಗೆ ಹಿಡೀತಾರಲ್ಲ, ಅದನ್ನ ನೋಡಿದ್ದ ನಂಗೆ ಒಂಬತ್ತನೇ ಕ್ಲಾಸಲ್ಲಿ ಒಂದು ಮಹಾ ಐಡಿಯಾ ಬಂತು. ಆಗಸ್ಟ್ 14ರ ರಾತ್ರಿ ಡ್ರಮ್ಮನ್ನ ಗೊಬ್ಬರದ ಚೀಲದಲ್ಲಿ ಸುತ್ಕೊಂಡು ಮನೆಗೆ ತಂದೆ. ಅಜ್ಜಿ 'ಆ ಚರ್ಮನ ಒಳಗೆ ತಂದ್ರೆ ನೋಡು ಮತ್ತೆ' ಅಂದ್ರು, ಸರಿ, ಬಚ್ಚಲೊಲೆ ಪಕ್ಕ ಇಟ್ಟೆ. ಬೆಳಿಗ್ಗೆ ಬೆರಳಲ್ಲಿ ತಟ್ಟಿದ್ರೆ ಟಣ್ ಅಂತು! ಖುಷೀಲಿ ಪಟ್ಟಿಗಳನ್ನ ಇನ್ನೊಂಚೂರು ಬಿಗಿದೆ. ಬಾವುಟ ಹಾರ್ತು, ಪಿಟಿ ಮೇಷ್ಟ್ರು ಸನ್ನೆ ಮಾಡಿದ್ರು, ರೋಲು ಎತ್ಕೊಂಡ ಎರಡನೇ ಸೆಕೆಂಡಿಗೆ ಫಟ್! ಬಲಗೈ ಕಡ್ಡಿ ಸೀದಾ ಡ್ರಮ್ಮೊಳಗೆ. ಮೇಷ್ಟ್ರು ಬಾವುಟದ ಕಡೆಯಿಂದ ಕಣ್ಣು ತೆಗೀದೇನೇ, ಸೆಲ್ಯೂಟ್ ಹೊಡ್ಕೊಂಡೇ, 'ಒಲೇಲಿ ಬೇಯಿಸ್ದ್ಯೇನೋ?' ಅಂದ್ರು. ಹೆಂಗೆ ಗೊತ್ತಾಯ್ತೋ, ಹೊಗೆ ವಾಸನೆ ಇದ್ದಿರ್ಬೇಕು.

ಎಷ್ಟೋ ವರ್ಷ ಆದ್ಮೇಲೆ ಮುಂಬೈನ ಎನ್‌ಸಿಪಿಎ ಸಭಾಂಗಣದಲ್ಲಿ ಸಿಂಫನಿ ಕೇಳೋಕೆ ಹೋಗಿದ್ದೆ. ಹಿಂದಿನ ಸಾಲಲ್ಲಿ ಟಿಂಪನಿ, ತಾಮ್ರದ ಹಂಡೆಗಳ ಥರ. ನಮ್ಮ ನಗಾರಿ ನೆಂಟರೇ ಅವು, ಇವೆರಡರ ಮೂಲ ಅರಬರ ನಕ್ಕಾರ. ಮಿಕ್ಕೋರು ನುಡಿಸ್ತಿರೋವಾಗ ಟಿಂಪನಿ ಬಾರಿಸೋನು ಬಗ್ಗಿ ಹೊದಿಕೆಗೆ ಕಿವಿ ಇಟ್ಟು, ಬೆರಳಲ್ಲಿ ಮೆಲ್ಲಗೆ ತಟ್ಟಿ, ಕಾಲಲ್ಲಿ ಪೆಡಲ್ ಒತ್ತಿ ಶ್ರುತಿ ಸರಿ ಮಾಡ್ಕೊಳ್ತಿದ್ದ, ನಾನಂತೂ ಪಿಟೀಲು ಬಿಟ್ಟು ಅವನನ್ನೇ ನೋಡ್ತಾ ಕೂತೆ. ವಿಯೆನ್ನಾ ಫಿಲ್ಹಾರ್ಮೊನಿಕ್ ಆರ್ಕೆಸ್ಟ್ರಾದವರು ಟಿಂಪನಿಗೆ ಇವತ್ತಿಗೂ ಮೇಕೆ ಚರ್ಮಾನೇ ಹಾಕ್ತಾರೆ. ಪ್ಲಾಸ್ಟಿಕ್ ಗಟ್ಟಿ, ಒಪ್ಕೊಳ್ತೀನಿ, ಆದ್ರೆ ಚರ್ಮದ ದುಂಡು ನಾದ ಅದಕ್ಕೆ ಬರಲ್ಲ ಬಿಡಿ.

ಸ್ಪೋರ್ಟ್ಸ್ ರೂಮಿನ ಡ್ರಮ್ಮಿಗೆ ಈಗ ಬಿಳಿ ಪ್ಲಾಸ್ಟಿಕ್ ಹಾಕಿದ್ದಾರೆ. ಹೊರಗೆ ಜಡಿಮಳೆ. ಧೂಳು ಒರೆಸಿ, ಕಡ್ಡಿ ಸಿಗದೆ ಎರಡು ಪೆನ್ನಲ್ಲೇ ಡ್ಯಾಡಿ ಮಮ್ಮಿ ಬಾರಿಸಿದೆ. ಡ್ರಮ್ಮು ಟಣ್ಣಂತಾನೇ ಇತ್ತು, ಎಡಗೈ ಮಮ್ಮಿ ಮಾತ್ರ ಇನ್ನೂ ವೀಕು.