ದಿನವಿಡೀ ಮೇಯುವ ಹಳದಿ ಮೀನು

ಬೆಂಗಳೂರಿನ ನಮ್ಮ ಮನೆಗೆ ಯೆಲ್ಲೋ ಟ್ಯಾಂಗ್ ಮೀನು ಬಂದು ನಾಲ್ಕು ವರ್ಷಗಳಾದವು. ಮುಖ್ಯವಾಗಿ ಹವಾಯಿ ದ್ವೀಪಗಳ ಸುತ್ತಲಿನ ಹವಳದ ದಿಬ್ಬಗಳಲ್ಲಿ ಬದುಕುವ ಈ ಮೀನು ಸುಮಾರು 20 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ; ಬಾಲದ ಬುಡದಲ್ಲಿ ಎರಡೂ ಬದಿಗೆ ಚಾಕುವಿನಷ್ಟು ಹರಿತವಾದ ಮುಳ್ಳಿರುವುದರಿಂದ ಇದರ ಬಳಗಕ್ಕೆ ಸರ್ಜನ್ ಮೀನುಗಳೆಂಬ ಹೆಸರು ಬಂದಿದೆ. ಹವಾಯಿಯ ಓಷಿಯಾನಿಕ್ ಇನ್‌ಸ್ಟಿಟ್ಯೂಟ್ 2015ರಲ್ಲಿ ಇದನ್ನು ಮೊಟ್ಟೆಯಿಂದಲೇ ತೊಟ್ಟಿಯಲ್ಲಿ ಬೆಳೆಸುವಲ್ಲಿ ಯಶಸ್ವಿಯಾಯಿತು. ಕಡಲಿನಿಂದ ಹಿಡಿದು ತಂದ ಮೀನು ಬೇಡ, ಹೀಗೆ ಬೆಳೆಸಿದ ಮರಿಯೇ ಬೇಕೆಂದು ನಾನು ಬಹಳ ದಿನ ಕಾದಿದ್ದೆ.

ಇಷ್ಟು ಕಾದು ತಂದ ಮೀನನ್ನು ಮೊದಲ ಎರಡು ತಿಂಗಳು ನಾನು ಸರಿಯಾಗಿ ನೋಡಿಕೊಳ್ಳಲಿಲ್ಲ. ಉಳಿದ ಮೀನುಗಳಿಗೆ ಹಾಕುವಂತೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಫ್ರೀಜರಿನ ಪುಟ್ಟ ಸಿಗಡಿಗಳನ್ನು ಹಾಕುತ್ತಿದ್ದೆ. ಅದು ಆಸೆಯಿಂದ ತಿನ್ನುತ್ತಿದ್ದುದರಿಂದ ಎಲ್ಲವೂ ಸರಿಯಾಗಿದೆ ಎಂದೇ ನಂಬಿದ್ದೆ. ಒಂದು ದಿನ ಮೀನು ನೇರವಾಗಿ ನನ್ನತ್ತ ಈಜಿ ಬಂದಾಗ ಅದರ ಹೊಟ್ಟೆ ಒಳಕ್ಕೆ ಸೇದಿಕೊಂಡಿರುವುದೂ, ಕಣ್ಣಿನ ಸುತ್ತಲಿನ ಚರ್ಮ ಸವೆದು ಸಣ್ಣ ಗುಳಿಗಳಾಗಿರುವುದೂ ಕಂಡವು. ಪೌಷ್ಟಿಕಾಂಶದ ಕೊರತೆಯೂ ಈ ಸವೆತಕ್ಕೆ ಒಂದು ಕಾರಣ. ಹಸುವನ್ನು ಮೇಯಲು ಬಿಡದೆ ಎರಡು ಹೊತ್ತು ಅನ್ನ ಹಾಕಿ ಸಾಕಲಾಗದೆಂದು ಮಲೆನಾಡಿನ ಕೊಟ್ಟಿಗೆಯ ಮನೆಯಲ್ಲಿ ಬೆಳೆದ ನನಗೆ ಗೊತ್ತಿತ್ತು. ಮೀನಿನ ವಿಷಯದಲ್ಲಿ ಅದು ಹೊಳೆಯಲಿಲ್ಲವೆಂಬ ನೋವು ಇಂದಿಗೂ ಇದೆ.

ಈ ಮೀನು ನಿಜಕ್ಕೂ ಮೇಯುವ ಪ್ರಾಣಿ. ಬಂಡೆಗಂಟಿದ ಎಳೆಪಾಚಿಯನ್ನು ಬೆಳಗಿನಿಂದ ಕತ್ತಲಾಗುವವರೆಗೆ ಚೂರುಚೂರಾಗಿ ಕೆರೆದು ತಿನ್ನುತ್ತದೆ. ಪಾಚಿಯಲ್ಲಿ ಸತ್ವ ಕಡಿಮೆ, ಆದ್ದರಿಂದ ಕರುಳು ಉದ್ದ, ತುತ್ತುಗಳು ಅಸಂಖ್ಯ. ಇದೇ ಬಳಗದ ಕೆಲವು ಮೀನುಗಳ ಕರುಳಿನಲ್ಲಿ ವಾಸಿಸುವ ಎಪುಲೋಪಿಸ್ಕಿಯಂ ಎಂಬ ಬ್ಯಾಕ್ಟೀರಿಯ ಅರ್ಧ ಮಿಲಿಮೀಟರಿಗಿಂತಲೂ ಉದ್ದ ಬೆಳೆದು ಬರಿಗಣ್ಣಿಗೇ ಕಾಣುತ್ತದೆ ಎಂಬುದನ್ನು ಓದಿದಾಗ ಬೆರಗಾದೆ.

ಈಗ ಪ್ರತಿದಿನ ಬೆಳಿಗ್ಗೆ ಅಂಗೈಯಗಲದ ನೋರಿ ಹಾಳೆಯನ್ನು ಕ್ಲಿಪ್ಪಿಗೆ ಸಿಕ್ಕಿಸಿ ಗಾಜಿನ ಒಳಬದಿಗೆ ಅಂಟಿಸುತ್ತೇನೆ. ಸುಶಿಗೆ ಬಳಸುವ ಒಣಗಿದ ಕಡಲಪಾಚಿಯೇ ಇದು. ಎಣ್ಣೆ, ಉಪ್ಪು, ಮಸಾಲೆ ಬೆರೆಸದ ಹಾಳೆಯನ್ನೇ ಕೊಳ್ಳಬೇಕು. ಸಂಜೆ ಮಿಕ್ಕ ಚೂರುಗಳನ್ನು ತೆಗೆಯದಿದ್ದರೆ ಅವು ಕೊಳೆತು ನೀರಿನಲ್ಲಿ ನೈಟ್ರೇಟ್ ಏರುತ್ತದೆ. ಮುಂದಿನ ಗಾಜನ್ನು ಮಾತ್ರ ಒರೆಸಿ, ಹಿಂಬದಿಯ ಗಾಜಿನ ಪಾಚಿಯನ್ನು ಬೇಕೆಂದೇ ಬಿಟ್ಟಿದ್ದೇನೆ. ನೋಡುವವರಿಗೆ ಅದು ಕೊಳಕಾಗಿ ಕಾಣಬಹುದು, ಆದರೆ ಮೀನಿಗೆ ಅದೇ ಗೋಮಾಳ. ಮೇಯುತ್ತ ತಿರುಗಾಡಲು ಜಾಗವೂ ಬೇಕು, ನಮ್ಮ ಟ್ಯಾಂಕ್ ಆರಡಿ ಉದ್ದವಿದೆ. ಅದಕ್ಕಿಂತ ಚಿಕ್ಕದರಲ್ಲಿ ಇದನ್ನು ಸಾಕಬಾರದೆಂಬುದು ನನ್ನ ದೃಢ ಅಭಿಪ್ರಾಯ. ಉಪ್ಪಿನ ನೀರನ್ನು ಆರ್‌ಒ ನೀರಿನಲ್ಲೇ ಕಲಸಿ, ಉಪ್ಪಿನಂಶವನ್ನು ತೋರಿಸುವ ಸಾಪೇಕ್ಷ ಸಾಂದ್ರತೆಯನ್ನು 1.025ರ ಆಸುಪಾಸಿನಲ್ಲಿಡುತ್ತೇನೆ.

ಹೊಟ್ಟೆ ತುಂಬಿಕೊಳ್ಳಲು ಕೆಲವು ವಾರಗಳೇ ಹಿಡಿದವು, ಕಣ್ಣಿನ ಸುತ್ತಲಿನ ಗುಳಿಗಳ ಗುರುತು ಪೂರ್ತಿ ಮಾಸಿಲ್ಲ. ರಾತ್ರಿ ದೀಪ ಆರಿದ ಮೇಲೆ ಹಳದಿ ಬಣ್ಣ ಮಂಕಾಗಿ ಮೈಯ ನಡುವೆ ಬಿಳಿಯ ಪಟ್ಟಿಯೊಂದು ಮೂಡುತ್ತದೆ, ಅದು ಸಹಜವೇ. ನಾವು ಊರಿಗೆ ಹೋಗುವಾಗ ಪಕ್ಕದ ಮನೆಯವರಿಗೆ ಬೀಗದ ಕೈಯೊಂದಿಗೆ, ದಿನಕ್ಕೊಂದರಂತೆ ಕತ್ತರಿಸಿಟ್ಟ ನೋರಿ ತುಂಡುಗಳನ್ನೂ ಕೊಟ್ಟು ಹೋಗುತ್ತೇವೆ.