ಯಾವ ಆ್ಯಪ್ ಹಾಕಬೇಕು ಟೀಚರ್?

ಪೋಷಕರ ಸಭೆ ಮುಗಿಸಿ ಹೊರಡುವಾಗ, ಸೋಮವಾರಪೇಟೆ ಬಸ್ಸಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಎಲ್ಲಿ ಸಿಕ್ಕರೂ ನನಗೆ ಇದೇ ಪ್ರಶ್ನೆ: “ಟೀಚರ್, ಮೊಬೈಲಿಗೆ ಯಾವ ಆ್ಯಪ್ ಹಾಕಿದ್ರೆ ಮಕ್ಕಳು ಹಾಳಾಗಲ್ಲ?” ಹೈಸ್ಕೂಲಿನಲ್ಲಿ ಕಂಪ್ಯೂಟರ್ ಹೇಳಿಕೊಡುವವಳ ಹತ್ತಿರ ಅಂಥದ್ದೊಂದು ಇದ್ದೇ ಇರಬೇಕು ಅಂತ ಅವರ ಲೆಕ್ಕ.

ಇದೆ. ಗೂಗಲ್‌ನ ಫ್ಯಾಮಿಲಿ ಲಿಂಕ್ ಹಾಕಿಕೊಳ್ಳಿ, ದುಡ್ಡು ಕೊಡಬೇಕಿಲ್ಲ. ಮಗು ಎಷ್ಟು ಹೊತ್ತು ಮೊಬೈಲ್ ನೋಡಬಹುದು, ಯಾವ ಆ್ಯಪ್ ಇಳಿಸಿಕೊಳ್ಳಬಹುದು ಅನ್ನುವುದನ್ನು ನಿಮ್ಮ ಫೋನಿನಲ್ಲೇ ಗೊತ್ತು ಮಾಡಬಹುದು. ಆದರೆ ಗೇಮಿನ ಚಾಟ್‌ನಲ್ಲಿ ಯಾರು ಏನು ಕೇಳುತ್ತಿದ್ದಾರೆ ಅಂತ ಅದು ಹೇಳುವುದಿಲ್ಲ. ಮಕ್ಕಳೇ ಬಂದು ಹೇಳಬೇಕು. ಅವರು ಯಾಕೆ ಹೇಳಲ್ಲ ಅಂತ ನನಗೆ ಗೊತ್ತಾಗಿದ್ದು ನನ್ನದೇ ತಪ್ಪಿನಿಂದ.

ನಮ್ಮ ಮನೆಯಲ್ಲಿ ಮೊದಲು ಸಿಗ್ನಲ್ ಬರುತ್ತಿದ್ದದ್ದು ಕಾಫಿ ಕಣದ ಒಂದು ಮೂಲೆಯಲ್ಲಿ ಮಾತ್ರ. ಕೊರೊನಾ ಕಾಲದ ಆನ್‌ಲೈನ್ ಕ್ಲಾಸೂ ಅಲ್ಲೇ, ಮಳೆ ಬಂದರೆ ಕೊಡೆ ಹಿಡಿದುಕೊಂಡು. ಬಿಸಿಲಿದ್ದಾಗ ಅಮ್ಮ ಕಾಫಿ ಹರವುತ್ತಾ ಅಲ್ಲೇ ಓಡಾಡುತ್ತಿದ್ದರು. ಯಾರು ಏನು ಮಾತಾಡಿದರೂ ಅವರ ಕಿವಿಗೆ ಬೀಳುತ್ತಿತ್ತು. ಆಮೇಲೆ ವೈಫೈ ಬಂತು. ಮೊಬೈಲು ಕಣ ಬಿಟ್ಟು ಕೋಣೆಗೆ ಹೋಯಿತು, ಕಂಬಳಿಯೊಳಗೆ ಹೋಯಿತು.

ಒಂದು ಜುಲೈನಲ್ಲಿ ಮಳೆಗೆ ಶಾಲೆಗಳಿಗೆ ರಜೆ. ನಮ್ಮಲ್ಲೇ ಇದ್ದು ಓದುವ ಅಕ್ಕನ ಮಗಳು ಆಗ ಎಂಟನೇ ಕ್ಲಾಸು. ಸಂಜೆ ಒಲೆ ಹತ್ತಿರ ಬಂದು ಕೂತಳು. “ಚಿಕ್ಕಮ್ಮಾ, ಗೇಮಲ್ಲಿ ಒಬ್ಬ ಡೈಮಂಡ್ ಕೊಡ್ತೀನಿ ಅಂದ. ಈಗ ಫೋಟೋ ಕಳ್ಸು ಅಂತಿದಾನೆ.” ಡೈಮಂಡ್ ಅಂದರೆ ಗೇಮಿನೊಳಗೆ ನಡೆಯುವ ದುಡ್ಡು. ನಾನು ಮೊಬೈಲ್ ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಪಾಪ, ಅವಳು ಏನೂ ಕಳಿಸಿರಲಿಲ್ಲ. ಹೇಳಿದ್ದಕ್ಕೇ ಶಿಕ್ಷೆ ಆಯಿತು.

ಮುಂದಿನ ವರ್ಷ ಇನ್ಯಾವನೋ ಅವಳ ಡಿಪಿಯಿಂದ ಮುಖ ತೆಗೆದು ಬೇರೆ ಮೈಗೆ ಅಂಟಿಸಿದ. ದುಡ್ಡು ಕೊಡದಿದ್ದರೆ ಎಲ್ಲರಿಗೂ ಕಳಿಸುತ್ತೇನೆ ಅಂತ ಹೆದರಿಸಿದ. ಎರಡು ವಾರ ಅವಳು ಬಾಯಿ ಬಿಡಲಿಲ್ಲ. ಸರಿಯಾಗಿ ಊಟ ಮಾಡುತ್ತಿರಲಿಲ್ಲ, ನಾವು ಪರೀಕ್ಷೆ ಭಯ ಅಂದುಕೊಂಡೆವು. ಕೊನೆಗೆ ವಿಷಯ ಹೇಳಿದ್ದು ಅವಳ ಗೆಳತಿ. ಯಾಕೆ ಮುಚ್ಚಿಟ್ಟೆ ಅಂದರೆ, “ಹೇಳಿದ್ರೆ ಮೊಬೈಲ್ ಕಿತ್ಕೋತೀರಲ್ವಾ?” ಅಂದಳು.

ಹೆದರಿಸುವವರಿಗೆ ಇದು ಚೆನ್ನಾಗಿ ಗೊತ್ತು. “ನಿಮ್ಮನೇಲಿ ಹೇಳ್ತೀನಿ” ಅನ್ನುವುದೇ ಅವರ ದೊಡ್ಡ ಅಸ್ತ್ರ. ಮನೆಯಲ್ಲಿ ಆಗಲೇ ಗೊತ್ತಿದ್ದರೆ ಆ ಮಾತಿಗೆ ಬೆಲೆ ಎಲ್ಲಿ?

ನಾವು ದುಡ್ಡು ಕೊಡಲಿಲ್ಲ. ಒಂದು ಸಲ ಕೊಟ್ಟರೆ ಮತ್ತೆ ಕೇಳುತ್ತಾರೆ. ಚಾಟ್ ಅಳಿಸಲೂ ಇಲ್ಲ. ಸಿಟ್ಟಿನಲ್ಲಿ ಎಲ್ಲರೂ ಮೊದಲು ಮಾಡುವುದೇ ಅದು, ಸಾಕ್ಷಿ ಅಲ್ಲಿಗೆ ಹೋಯಿತು. ಸ್ಕ್ರೀನ್‌ಶಾಟ್ ತೆಗೆದು, ಆಮೇಲೆ ಬ್ಲಾಕ್ ಮಾಡಿ, ಕೇಂದ್ರ ಸರ್ಕಾರದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು ಕೊಟ್ಟೆವು. ಮಕ್ಕಳ ವಿಷಯದಲ್ಲಿ ಅಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು. ಮಕ್ಕಳ ಸಹಾಯವಾಣಿ 1098. ಅಂಟಿಸಿದ ಫೋಟೋ ತಾನೇ ಅಂತ ಬಿಡಬೇಡಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆಯಲ್ಲಿ, ಮಗುವಿನ ಇಂಥ ಚಿತ್ರ ಹಿಡಿದು ಬೆದರಿಸುವುದು ಅಪರಾಧ, ಚಿತ್ರ ನಿಜವಾಗಿರಲಿ, ಕೃತಕವಾಗಿರಲಿ.

ಇನ್ನೊಂದು ಕೆಲಸ ಇವತ್ತೇ ಮಾಡಿ. ಇನ್‌ಸ್ಟಾಗ್ರಾಮ್‌ನಲ್ಲಿ ನಿಮ್ಮ ಮಗು ಯಾವ ಹುಟ್ಟಿದ ವರ್ಷ ಹಾಕಿದೆ ನೋಡಿ. 13 ತುಂಬದೆ ಖಾತೆ ತೆರೆಯುವಂತಿಲ್ಲ, ಅದಕ್ಕೆ ಮಕ್ಕಳು ಸುಮ್ನೆ 2000 ಅಂತ ಹಾಕಿಬಿಡುತ್ತಾರೆ. ಹದಿಹರೆಯದವರ ಖಾತೆ ತಾನಾಗಿಯೇ ಖಾಸಗಿ ಇರುತ್ತದೆ, ಅಪರಿಚಿತರು ಮೆಸೇಜ್ ಕಳಿಸುವುದಕ್ಕೆ ತಡೆ ಇರುತ್ತದೆ. ಹುಟ್ಟಿದ ವರ್ಷ ಸುಳ್ಳು ಹೇಳಿದ ಮಗುವನ್ನು ಆ್ಯಪ್ ದೊಡ್ಡವರು ಅಂದುಕೊಳ್ಳುತ್ತದೆ, ಆ ಬೇಲಿಯೇ ಇರುವುದಿಲ್ಲ. ನನ್ನ ಕ್ಲಾಸಿನಲ್ಲಿ ಸುಳ್ಳು ವರ್ಷ ಹಾಕಿದವರು ಕೈ ಎತ್ತಿ ಅಂದಾಗ ಎದ್ದ ಕೈಗಳನ್ನು ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಈಗ ಮನೆಯಲ್ಲಿ ಒಂದು ಒಪ್ಪಂದ ಇದೆ. ಬಂದು ಹೇಳಿದರೆ ಬೈಗುಳ ಇಲ್ಲ, ಮೊಬೈಲ್ ಕೀಳುವುದಿಲ್ಲ. ಮಾತಿಗೆ ಸುಲಭ. ಹೋದ ವಾರ ಅವಳು ಕಣದಲ್ಲಿ ನನ್ನ ಪಕ್ಕ ನಿಂತು ಒಂದು ಮೆಸೇಜ್ ತೋರಿಸಿದಳು. ಓದಿ ಮೈಯೆಲ್ಲ ಉರಿಯಿತು. ಅದನ್ನು ಬ್ಲಾಕ್ ಮಾಡಿಸಿ, ಮೊಬೈಲನ್ನು ಅವಳ ಕೈಗೇ ಕೊಟ್ಟೆ. ಕೊಡುವಾಗ ನನ್ನ ಬೆರಳು ಇನ್ನೂ ಅದನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. “ಬಿಡಿ ಚಿಕ್ಕಮ್ಮಾ” ಅಂದಳು.