ಬಲೂನಿನೊಳಗಿನ ಹೀಲಿಯಂ

ಇಂದು ವಿಶ್ವದ ಹುಟ್ಟಿನ ಕುರಿತ ಉಪನ್ಯಾಸವೊಂದನ್ನು ಕೇಳುತ್ತಿದ್ದೆ. ವಿಶ್ವ ಹಿಗ್ಗುವುದನ್ನು ವಿವರಿಸಲು ಎಂದಿನಂತೆ ಬಲೂನು ಬಂತು. ನನ್ನ ತಲೆ ಮಾತ್ರ ಅದರೊಳಗಿನ ಅನಿಲದ ಬೆನ್ನು ಹತ್ತಿತು.

ಮಹಾಸ್ಫೋಟವಾಗಿ ಸುಮಾರು 1,380 ಕೋಟಿ ವರ್ಷ. ವಿಶ್ವದ ಬಹುಪಾಲು ಹೀಲಿಯಂ ತಯಾರಾದದ್ದು ಮೊದಲ ಕೆಲವೇ ನಿಮಿಷಗಳಲ್ಲಿ. ಆಗಿನ ಸಾಮಾನ್ಯ ದ್ರವ್ಯದ ತೂಕದಲ್ಲಿ ಕಾಲು ಭಾಗ! ಅಷ್ಟರಲ್ಲಿ ವಿಶ್ವ ತಣ್ಣಗಾಯಿತು, ಕೆಲಸ ನಿಂತಿತು. ಇಂಗಾಲ, ಆಮ್ಲಜನಕಗಳು ನಕ್ಷತ್ರಗಳು ಹುಟ್ಟುವವರೆಗೂ ಕಾಯಬೇಕಾಯಿತು.

ಹಾಗಾದರೆ ಬಲೂನಿನಲ್ಲಿರುವುದು ಆ ಆದಿಕಾಲದ ಹೀಲಿಯಮ್ಮೇ?

ಅಲ್ಲ. ಹುಡುಕಿ ಓದಿದೆ. ನೆಲದಾಳದ ಯುರೇನಿಯಂ, ಥೋರಿಯಂ ಕ್ಷಯಿಸುವಾಗ ಆಲ್ಫಾ ಕಣಗಳು, ಅಂದರೆ ಎಲೆಕ್ಟ್ರಾನುಗಳಿಲ್ಲದ ಹೀಲಿಯಂ ನ್ಯೂಕ್ಲಿಯಸ್‌ಗಳು, ಹೊಮ್ಮುತ್ತವೆ. ಅವು ತಲಾ ಎರಡು ಎಲೆಕ್ಟ್ರಾನುಗಳನ್ನು ಸೆಳೆದುಕೊಂಡರೆ ಹೀಲಿಯಂ ಸಿದ್ಧ. ನೈಸರ್ಗಿಕ ಅನಿಲದಿಂದ ಅದನ್ನು ಬೇರ್ಪಡಿಸಿ ಬಲೂನಿಗೆ ತುಂಬುತ್ತಾರೆ. ಆದಿಯ ಹೀಲಿಯಂ ಭೂಮಿಯ ಹಿಡಿತಕ್ಕೆ ಸಿಕ್ಕಿದ್ದು ಅತ್ಯಲ್ಪ.

ತುಸು ನಿರಾಸೆಯಾಯಿತು, ನಿಜ. ಆದರೆ ಹೈಡ್ರೋಜನ್ ಕೈಬಿಡಲಿಲ್ಲ. ನಮ್ಮ ಮೈಯಲ್ಲಿರುವ ನೀರಿನ ಪ್ರತಿ ಅಣುವಿನಲ್ಲೂ ಅದರ ಎರಡು ಪರಮಾಣುಗಳಿವೆ. ಅವುಗಳ ಪ್ರೋಟಾನುಗಳು ಬಹುತೇಕ ವಿಶ್ವದ ಮೊದಲ ಸೆಕೆಂಡಿನಲ್ಲೇ ರೂಪುಗೊಂಡವು.

ವಯಸ್ಸು ಮುಚ್ಚಿಡುವ ಗೆಳೆಯರೇ, ಇನ್ನು ಏನು ಮಾಡುತ್ತೀರಿ?